ಹಿಡಿ ಅಕ್ಕಿಗೊಂದು ಹೆಸರು

ಶನಿವಾರ ಸಂಜೆ ರಂಜಿನಿ ಕಾಣಿಕೆ ಡಬ್ಬಕ್ಕೆ ಅಕ್ಕಿ ಸುರಿದ ಸದ್ದು ನಡುಮನೆಯಲ್ಲಿ ಕೂತಿದ್ದ ಅವಳ ಅತ್ತೆ ಸುವಾರ್ತಮ್ಮನ ಕಿವಿಗೆ ಬಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡಿದ್ದ ಆಕೆಗೆ ಆ ದಿನಗಳಲ್ಲಿ ಕಿವಿಯೇ ಕಣ್ಣು. ಒಂದು ಹಿಡಿ ಅಕ್ಕಿ ಡಬ್ಬಕ್ಕೆ ಬಿದ್ದರೆ ಚಿಟಪಟ ಎಂದು ಅಲ್ಲಿಗೆ ಮುಗಿಯುತ್ತದೆ. ಇದು ಮುಗಿಯಲಿಲ್ಲ, ಜರ್ರನೆ ಬೀಳುತ್ತಲೇ ಇತ್ತು.

“ರಂಜಿನಿ, ಅದೇನು ಸುರೀತಿದ್ದೀಯ?”

“ಕಾಣಿಕೆ ಅಕ್ಕಿ ಅತ್ತೆ. ನಾಳೆ ಮೊದಲನೇ ಭಾನುವಾರ ಅಲ್ವಾ, ಡಬ್ಬ ತುಂಬಿಸ್ತಿದ್ದೀನಿ.”

“ಈಗ ತುಂಬಿಸ್ತಿದ್ದೀಯಾ? ತಿಂಗಳೆಲ್ಲ ಏನು ಮಾಡ್ದೆ?”

“ಬೆಳಿಗ್ಗೆ ನನಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ದಿನಾ ಒಂದೊಂದು ಹಿಡಿ ಹಾಕೋ ಬದಲು ಒಂದೇ ಸಲ ಹಾಕಿದ್ರಾಯ್ತು ಅಂದ್ಕೊಂಡೆ. ಬಂದು ನೋಡಿ, ನೀವು ಹಾಕ್ತಿದ್ದಕ್ಕಿಂತ ಜಾಸ್ತಿನೇ ಇದೆ.”

ಸುವಾರ್ತಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಡಬ್ಬದೊಳಗೆ ಕೈ ಇಳಿಬಿಟ್ಟು ಅಕ್ಕಿ ಮುಟ್ಟಿ ನೋಡಿದಳು. ಅಕ್ಕಿಯಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಮನೆಯವರು ಉಣ್ಣುವ ಸೋನಾಮಸೂರಿಯೇ ಅದು, ರೇಷನ್ ಅಕ್ಕಿ ಬೆರೆಸಿರಲಿಲ್ಲ.

“ಇದು ಕಾಣಿಕೆ ಅಲ್ಲ,” ಎಂದಳು.

“ಮತ್ತೇನು?”

“ಬರೀ ಅಕ್ಕಿ.”

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹಿಂದಿನ ಬೀದಿಯಲ್ಲಿರುವ ಈ ಮನೆಯಲ್ಲಿ ಕಾಣಿಕೆ ಡಬ್ಬಕ್ಕೆ ಮನೆಯಷ್ಟೇ ವಯಸ್ಸು. ಸುವಾರ್ತಮ್ಮನ ಗಂಡನ ತಂದೆ ಆಂಧ್ರದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಬರುವಾಗ ತಮ್ಮ ಲೂಥರನ್ ಸಭೆಯ ಪದ್ಧತಿಯನ್ನೂ ಜೊತೆಗೆ ತಂದರು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಆ ಅಕ್ಕಿಯಿಂದಲೇ ಒಂದು ಹಿಡಿ ಎತ್ತಿ ಡಬ್ಬಕ್ಕೆ ಹಾಕಬೇಕು. ಹಾಕುವಾಗ ಒಬ್ಬರ ಹೆಸರು ಹೇಳಿ ಅವರಿಗೆ ಒಳ್ಳೆಯದನ್ನು ಬೇಡಿಕೊಳ್ಳಬೇಕು. ತಿಂಗಳ ಮೊದಲನೇ ಭಾನುವಾರ ಡಬ್ಬ ಚರ್ಚಿಗೆ ಹೋಗುತ್ತದೆ. ಅಲ್ಲಿ ಎಲ್ಲರ ಮನೆಯ ಅಕ್ಕಿ ಒಂದೇ ಬುಟ್ಟಿಗೆ ಬೀಳುತ್ತದೆ, ಅಲ್ಲಿಂದ ಒಲೆ ಹೊತ್ತಿಸಲು ಕಷ್ಟವಿರುವ ಮನೆಗೆ ಹೋಗುತ್ತದೆ. ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ಎರಡು ತಿಂಗಳು ಒಲೆಯ ಹತ್ತಿರ ಹೋಗಬೇಡಿ ಎಂದಿದ್ದರಿಂದ ಕೆಲಸ ಸೊಸೆಯ ಕೈಗೆ ಬಂದಿತ್ತು.

“ಹಿಡಿ ಹಿಡಿಗೂ ಒಂದು ಹೆಸರು ಹೇಳ್ಬೇಕಿತ್ತು,” ಎಂದಳು ಸುವಾರ್ತಮ್ಮ.

“ಅದನ್ನ ನೀವು ನನಗೆ ಯಾವತ್ತು ಹೇಳಿದ್ರಿ ಅತ್ತೆ? ಒಂದು ಹಿಡಿ ಡಬ್ಬಕ್ಕೆ ಹಾಕು ಅಂದ್ರಿ, ಅಷ್ಟೇ.”

“ಎಂಟು ವರ್ಷದಿಂದ ಇದೇ ಅಡುಗೆಮನೇಲಿ ಇದ್ದೀಯ. ನಾನು ಡಬ್ಬದ ಮುಂದೆ ನಿಂತು ಏನೋ ಹೇಳೋದು ಕೇಳಿಸ್ತಿರಲಿಲ್ವಾ?”

“ಕೇಳಿಸ್ತಿತ್ತು. ನನ್ನನ್ನೇ ಬೈಕೋತಿದ್ದೀರಿ ಅಂದ್ಕೊಂಡಿದ್ದೆ.”

ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ಪ್ರಭುದಾಸನಿಗೆ ನಗು ಬಂತು. ಅವನು ಸುವಾರ್ತಮ್ಮನ ಮಗ, ರಂಜಿನಿಯ ಗಂಡ. ಸೋಗಾನೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹತ್ತಿಸಿ ಇಳಿಸುವ ಕೆಲಸ. ಇಬ್ಬರು ಹೆಂಗಸರೂ ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ನೋಡಿ ಅವನು ನಗು ನುಂಗಿಕೊಂಡು ಕೈಕಾಲು ತೊಳೆಯಲು ಹೋದ.

“ಅಮ್ಮ, ಅಕ್ಕಿ ಹೋಗಿ ಸೇರೋದು ಬಡವರ ಮನೆಗೆ ತಾನೇ,” ಎಂದ ಬಚ್ಚಲಿನಿಂದಲೇ. “ಅವರಿಗೆ ಹೆಸರು ಹೇಳಿದ ಅಕ್ಕಿ ಯಾವುದು, ಹೇಳದೇ ಇದ್ದಿದ್ದು ಯಾವುದು ಅಂತ ಗೊತ್ತಾಗುತ್ತಾ?”

“ನನಗೆ ಗೊತ್ತಾಗುತ್ತೆ,” ಎಂದಳು ಸುವಾರ್ತಮ್ಮ. ಡಬ್ಬದ ಮುಚ್ಚಳ ಒತ್ತಿ ಶೆಲ್ಫಿನ ಮೇಲಿಟ್ಟಳು. “ಇದು ಚರ್ಚಿಗೆ ಬರಲ್ಲ.”

“ಹಾಗಾದ್ರೆ ನಾಳೆ ಅನ್ನಕ್ಕೆ ಹಾಕ್ತೀನಿ ಬಿಡಿ,” ಎಂದಳು ರಂಜಿನಿ. ಅವಳಿಗೂ ಮುಖ ಕೆಂಪಾಗಿತ್ತು.

“ದೇವರಿಗೆ ಅಂತ ಎತ್ತಿಟ್ಟಿದ್ದನ್ನ ಮನೆಯೋರು ಉಣ್ಣಬಾರ್ದು.”

“ಕಾಣಿಕೆನೂ ಅಲ್ಲ, ಉಣ್ಣೋಕೂ ಬಾರ್ದು. ಇದೆಂಥ ನ್ಯಾಯ?”

ಉತ್ತರ ಹೊಳೆಯದಿದ್ದಾಗ ಸುವಾರ್ತಮ್ಮ ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದಳು. ಆ ದಿನವೂ ಹಾಗೇ ಹೋದಳು.

ಮರುದಿನ ಚರ್ಚಿನಲ್ಲಿ ಪಾಸ್ಟರ ಪ್ರಸಂಗ ಮುಗಿದು, ಹಾಡು ಶುರುವಾಗಿ, ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಬಂತು. ಅದಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಅಕ್ಕಿಯನ್ನು ಯಜ್ಞವೇದಿಯ ಮುಂದಿನ ಬುಟ್ಟಿಗೆ ಸುರಿಯತೊಡಗಿದರು. ಪ್ರತಿ ಸಲ ಮೊದಲು ಏಳುತ್ತಿದ್ದವಳು ಸುವಾರ್ತಮ್ಮ. ಈ ಸಲ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಮಹಿಳಾ ಸಂಘದ ವೀಣಾ ಹಿಂದಿನ ಬೆಂಚಿನಿಂದ ಬಗ್ಗಿ, “ಯಾಕಮ್ಮ, ಹುಷಾರಿಲ್ವಾ?” ಎಂದು ಕೇಳಿದಳು. ಸುವಾರ್ತಮ್ಮ ಕಣ್ಣು ತೋರಿಸಿದಳು.

ರಂಜಿನಿ ಮಗಳು ಕವನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯ ಬೆಂಚಿನಲ್ಲಿದ್ದಳು. ಅವಳಿಗೆ ದೀಕ್ಷಾಸ್ನಾನವಾಗಿರಲಿಲ್ಲ. ಆಗು ಎಂದು ಈ ಮನೆಯಲ್ಲಿ ಯಾರೂ ಒತ್ತಾಯ ಮಾಡಿರಲೂ ಇಲ್ಲ. ಬೀರುವಿನ ಒಳಬಾಗಿಲಿಗೆ ಅವಳ ತವರಿನ ದೇವರು ಚೌಡಮ್ಮನ ಪಟ ಅಂಟಿಕೊಂಡಿತ್ತು, ಹಣೆಯಲ್ಲಿ ಕುಂಕುಮವಿತ್ತು. ಮಗುವಿಗಾಗಿ, ಅತ್ತೆಯ ಜೊತೆಗಾಗಿ ಅವಳು ಚರ್ಚಿಗೆ ಬರುತ್ತಿದ್ದಳು. ಪಾಸ್ಟರ್ ಸಭೆಯ ಪ್ರಾರ್ಥನೆಯಲ್ಲಿ ಕಾಯಿಲೆಯವರನ್ನು, ಕೆಲಸವಿಲ್ಲದವರನ್ನು, ಊರನ್ನು, ದೇಶವನ್ನು ನೆನೆದು, ನಿಮ್ಮ ನಿಮ್ಮ ಮನಸ್ಸಿನಲ್ಲಿರುವ ಹೆಸರು ಹೇಳಿಕೊಳ್ಳಿ ಎಂದು ಸ್ವಲ್ಪ ಹೊತ್ತು ಬಿಟ್ಟರು. ಚರ್ಚೆಲ್ಲ ಪಿಸುಗುಟ್ಟಿತು. ಅತ್ತೆಯ ತಲೆ ಬಾಗದಿರುವುದು ರಂಜಿನಿಗೆ ಹಿಂದಿನಿಂದಲೂ ಕಂಡಿತು. ತನ್ನದೇನೂ ತಪ್ಪಿಲ್ಲ ಎಂದು ಅವಳು ಹಟಕ್ಕೆ ಹೇಳಿಕೊಂಡಳು, ಆದರೂ ಮನಸ್ಸು ಹಗುರವಾಗಲಿಲ್ಲ.

ಮಧ್ಯಾಹ್ನ ಕೋಳಿಸಾರು ಬಡಿಸುವಾಗ ರಂಜಿನಿಯ ಫೋನ್ ಬಡಿದುಕೊಂಡಿತು. ಅವಳ ಅಣ್ಣ ಪರಮೇಶ್.

“ಅಪ್ಪ ಬಿದ್ದಿದ್ದಾರೆ ಕಣೇ. ಬೆಳಿಗ್ಗೆ ಕೋಟೆ ದೇವಸ್ಥಾನದ ಮೆಟ್ಲು ಇಳಿಯೋವಾಗ. ಸೊಂಟದ ಮೂಳೆ ಮುರಿದಿದೆ ಅಂತಿದ್ದಾರೆ. ಶಿವಮೊಗ್ಗ ದೊಡ್ಡಾಸ್ಪತ್ರೇಲಿ ಇದ್ದೀವಿ.”

“ನಾನು ಬರ್ತೀನಿ.”

“ಬಾ. ಅಪ್ಪ ಕರೀರಿ ಅಂತ ಹೇಳಿಲ್ಲ, ನಾನು ಹೇಳ್ತಿದ್ದೀನಿ.”

ರಂಜಿನಿಯ ಅಪ್ಪ ಹುಲಿಯಪ್ಪ ಅಡಿಕೆ ಮಂಡಿಯಲ್ಲಿ ಹಮಾಲಿ ಮಾಡಿ ಶಿವಮೊಗ್ಗದ ಆಲ್ಕೊಳದಲ್ಲಿ ಎರಡು ಕೋಣೆಯ ಮನೆ ಕಟ್ಟಿದವನು. ಆಗ ಮಂಡಿಗೆ ಗೂಡ್ಸ್ ಆಟೋ ತರುತ್ತಿದ್ದ ಪ್ರಭುದಾಸನನ್ನು ಮಗಳು ಮೆಚ್ಚಿ ಮದುವೆಯಾದಾಗ, ಭದ್ರಾವತಿಗೆ ಬಂದು ಈ ಮನೆಯ ಗೇಟಿನ ಹೊರಗೇ ನಿಂತು, ನನ್ನ ಪಾಲಿಗೆ ಮಗಳಿಲ್ಲ ಎಂದಿದ್ದ. ಸುವಾರ್ತಮ್ಮ ನೀರು ತಂದಾಗ, ನಿಮ್ಮ ಮನೆ ಅನ್ನ ನೀರು ಯಾವತ್ತೂ ನನಗೆ ಬೇಡ ಎಂದು ತಿರುಗಿ ಹೋಗಿದ್ದ. ಅಂದಿನಿಂದ ಇಂದಿನವರೆಗೆ ಮಗಳ ಜೊತೆ ಒಂದು ಮಾತು ಆಡಿರಲಿಲ್ಲ. ತಾಯಿ ಮಾತ್ರ ಕದ್ದು ಫೋನ್ ಮಾಡುತ್ತಿದ್ದಳು.

ವಿಷಯ ಕೇಳಿದ ಸುವಾರ್ತಮ್ಮ ತಟ್ಟೆಯಿಂದ ಕೈ ತೆಗೆದಳು.

“ಈ ತಿಂಗಳೇ ತಪ್ಪಿತು. ಈ ತಿಂಗಳೇ ಬಿದ್ರು,” ಎಂದಳು ತನ್ನಷ್ಟಕ್ಕೆ.

“ಏನಮ್ಮ ತಪ್ಪಿದ್ದು?” ಎಂದ ಪ್ರಭುದಾಸ.

“ಬೆಳಗಿನ ಹಿಡಿ. ಅದು ಅವರ ಹೆಸರಿಂದು.”

ರಂಜಿನಿಗೆ ಅರ್ಥವಾಗಲಿಲ್ಲ. “ಯಾರ ಹೆಸರಿಂದು?”

“ನಿಮ್ಮಪ್ಪಂದು. ಸಂಜೆ ಹಿಡಿ ನಮಗೆ ಬೇಕಾದೋರಿಗೆ, ಬೆಳಗಿನ ಹಿಡಿ ನಮಗೆ ಯಾರನ್ನ ಕಂಡ್ರೆ ಆಗಲ್ವೋ ಅವರಿಗೆ. ನಮ್ಮಮ್ಮ ಹಾಗೇ ಹೇಳಿಕೊಟ್ಟಿದ್ದು. ಅವರು ಗೇಟಿನ ಹತ್ರ ನಿಂತು ಮಾತಾಡಿ ಹೋದ್ರಲ್ಲ, ಮಾರನೇ ದಿನದಿಂದ ಬೆಳಗಿನ ಹಿಡಿ ಅವರದೇ. ಈ ತಿಂಗಳು ಮಾತ್ರ ಹಾಕ್ಲಿಲ್ಲ.”

ಹೇಳಿ ಮುಗಿಸಿದ ಮೇಲೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಆಕೆಗೆ ತಿಳಿಯಿತು. ಅಷ್ಟರಲ್ಲಿ ತಡವಾಗಿತ್ತು.

“ಅಂದ್ರೆ ನಮ್ಮಪ್ಪನ್ನ ಬೀಳ್ಸಿದ್ದು ನಾನು.”

“ನಾನು ಹಾಗೆ ಅಂದೆನಾ?”

“ಇನ್ನೇನು ಅಂದ್ರಿ ಅತ್ತೆ? ಇನ್ನೊಂದು ಸಲ ಹೇಳಿ, ಕೇಳಿಸ್ಕೋತೀನಿ.”

ರಂಜಿನಿ ಬಡಿಸಿಕೊಂಡಿದ್ದ ಅನ್ನವನ್ನು ಪಾತ್ರೆಗೆ ವಾಪಸ್ ಹಾಕಿ, ಸೀರೆ ಬದಲಾಯಿಸಿ, ಗಂಡನ ಜೊತೆ ಬೈಕಿನಲ್ಲಿ ಶಿವಮೊಗ್ಗಕ್ಕೆ ಹೊರಟಳು.

ಅಲ್ಲಿಂದ ಮುಂದೆ ಅವಳ ದಿನಚರಿ ಬದಲಾಯಿತು. ಹೊಲಿಯಬೇಕಿದ್ದ ಬ್ಲೌಸುಗಳನ್ನು ಮೂಲೆಗೆ ಸರಿಸಿ, ಕವನಳನ್ನು ಶಾಲೆಗೆ ಕಳಿಸಿ, ಊಟದ ಕ್ಯಾರಿಯರ್ ಹಿಡಿದು ಬಸ್ಸು ಹತ್ತುವುದು, ಸಂಜೆ ಅದೇ ಕ್ಯಾರಿಯರ್ ಹಿಡಿದು ಇಳಿಯುವುದು. ಹುಲಿಯಪ್ಪನಿಗೆ ಆಪರೇಷನ್ ಆಯಿತು. ಅವನು ಮಗಳನ್ನು ಕಂಡ ಕೂಡಲೇ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಏನಾದರೂ ಹೇಳುವುದಿದ್ದರೆ ಹೆಂಡತಿ ದ್ಯಾಮಮ್ಮನಿಗೆ ಹೇಳುತ್ತಿದ್ದ.

“ಆ ಡಬ್ಬಿ ಎತ್ತಿಡೋಕೆ ಹೇಳು. ವಾಸನೆ ಬರ್ತಿದೆ.”

“ಹುರುಳಿಕಟ್ಟಿನ ಸಾರು ಕಣ್ರೀ. ನಿಮಗಿಷ್ಟ ಅಂತ ಮಾಡ್ಕೊಂಡ್ ಬಂದಿದ್ದಾಳೆ.”

“ನನಗಿಷ್ಟ ಅಂತ ಯಾರು ಹೇಳಿದ್ದು?”

ಆಸ್ಪತ್ರೆಯ ಊಟವನ್ನೂ ಅವನು ಸರಿಯಾಗಿ ಮುಟ್ಟುತ್ತಿರಲಿಲ್ಲ. ಆಲ್ಕೊಳದ ಮನೆಗೆ ಬೀಗ ಬಿದ್ದಿತ್ತು, ಅಡುಗೆ ಮಾಡುವವಳು ಹಾಸಿಗೆಯ ಪಕ್ಕದಲ್ಲಿದ್ದಳು. ಹಾಲು, ಬನ್ನು ಬಿಟ್ಟರೆ ಹೊಟ್ಟೆಗೆ ಏನೂ ಹೋಗುತ್ತಿರಲಿಲ್ಲ. ಊಟ ಮಾಡದಿದ್ದರೆ ಎಬ್ಬಿಸಿ ನಿಲ್ಲಿಸುವುದು ಹೇಗೆ ಎಂದು ನರ್ಸ್ ಬೈದು ಹೋದರು. ಕ್ಯಾರಿಯರ್ ಊಟವನ್ನು ಪರಮೇಶ್ ವರಾಂಡದಲ್ಲಿ ಕೂತು ಖಾಲಿ ಮಾಡುತ್ತಿದ್ದ. “ನಾನಾದ್ರೂ ದಪ್ಪ ಆಗ್ತೀನಿ ಬಿಡು,” ಎಂದು ತಂಗಿಯನ್ನು ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ.

ಒಂದು ದಿನ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಾ ತಾಯಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಡಬ್ಬ, ಹಿಡಿ ಅಕ್ಕಿ, ಹೆಸರು, ಅತ್ತೆಯ ಮಾತು.

“ನನ್ನಿಂದ ಬಿದ್ರಾ ಅವ್ವ?”

“ನಿನಗೆಲ್ಲೋ ತಲೆ ಕೆಟ್ಟಿದೆ ಮಾರಾಯ್ತಿ. ಅರ್ಚನೆ ಮಾಡ್ಸಿ, ತೀರ್ಥ ತಗೊಂಡು ಇಳಿಯೋವಾಗ್ಲೇ ಬಿದ್ದಿದ್ದು. ಯಾರೋ ದೀಪದೆಣ್ಣೆ ಚೆಲ್ಲಿದ್ರು, ಕಾಲು ಜಾರ್ತು. ಹಂಗಂತ ನಾನು ದೇವ್ರಿಗೆ ಕೈ ಮುಗಿಯೋದು ಬಿಡ್ಲಾ?” ದ್ಯಾಮಮ್ಮ ಮುಚ್ಚಳ ತೊಳೆದು ಕೊಡವಿದಳು. ಆಮೇಲೆ ಕೇಳಿದಳು, “ಆಯಮ್ಮ ನಿಮ್ಮಪ್ಪನ ಹೆಸ್ರು ಯಾಕೆ ಹೇಳ್ತಿದ್ರು?”

“ಸಿಟ್ಟಿಗೆ.”

“ಸಿಟ್ಟಿಗೆ ಯಾರಾದ್ರೂ ಎಂಟು ವರ್ಷ ಒಳ್ಳೇದು ಕೇಳ್ಕೋತಾರಾ? ವಿಚಿತ್ರದ ಹೆಂಗಸು ಬಿಡು.”

ತಾಯಿಯ ಮಾತಿನಿಂದ ರಂಜಿನಿಯ ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧ ಇಳಿಸಬೇಕಾದವಳು ಭದ್ರಾವತಿಯಲ್ಲಿದ್ದಳು, ಅವಳು ಸುಮ್ಮನಿದ್ದಳು.

ಸುಮ್ಮನಿದ್ದಳು ಎಂದರೆ ಮಾತು ಬಿಟ್ಟಿದ್ದಳು ಎಂದಲ್ಲ. ಸೊಪ್ಪು ಎಲ್ಲಿದೆ, ಗ್ಯಾಸ್ ಬಂತಾ, ಕವನಾ ಹಾಲು ಕುಡಿದಳಾ ಎಂಬ ಮಾತುಗಳೆಲ್ಲ ನಡೆಯುತ್ತಿದ್ದವು. ಆಡಬೇಕಾದ ಒಂದು ಮಾತು ಮಾತ್ರ ಇಬ್ಬರ ನಡುವೆ ಬರುತ್ತಿರಲಿಲ್ಲ. ಡಾಕ್ಟರ ಮಾತು ಮೀರಿ ಸುವಾರ್ತಮ್ಮ ರಾತ್ರಿಯ ಅಡುಗೆಗೆ ನಿಂತಳು. ಡಬ್ಬ ಸೊಸೆ ತುಂಬಿದ ಅಕ್ಕಿಯಿಂದ ಭರ್ತಿಯಾಗಿದ್ದರಿಂದ ತನ್ನ ಹಿಡಿಯನ್ನು ಒಂದು ಸ್ಟೀಲ್ ಚೊಂಬಿಗೆ ಹಾಕತೊಡಗಿದಳು. ತಪ್ಪಿದ ಬೆಳಗಿನ ಹಿಡಿಗೆ ಬದಲಾಗಿ ಸಂಜೆಯೇ ಹುಲಿಯಪ್ಪನ ಹೆಸರು ಹೇಳಲು ಹೋದರೆ ಕಣ್ಣ ಮುಂದೆ ಅನ್ನವನ್ನು ಪಾತ್ರೆಗೆ ವಾಪಸ್ ಹಾಕಿದ ಸೊಸೆಯ ಕೈ ಬರುತ್ತಿತ್ತು. ಆಕೆಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾಗಿದೆ ಎಂದು ಸೊಸೆಗೆ ಹೇಳುವ ಅಭ್ಯಾಸ ಮಾತ್ರ ಆಕೆಗೆ ಇರಲಿಲ್ಲ.

ಒಂದು ಸಂಜೆ ಮನೆಯಲ್ಲಿ ಅಕ್ಕಿ ಮುಗಿದಿತ್ತು. ಪ್ರಭುದಾಸ ಶೆಲ್ಫಿನ ಡಬ್ಬಕ್ಕೆ ಕೈ ಹಾಕಿದ.

“ಮುಟ್ಬೇಡ,” ಎಂದಳು ಸುವಾರ್ತಮ್ಮ.

“ಮತ್ತೆ ಏನು ಉಣ್ಣೋದು?”

“ರವೆ ಇದೆ, ಉಪ್ಪಿಟ್ಟು ಮಾಡು.”

“ಅಮ್ಮ, ಹುಳ ಬಿದ್ದಿದೆ ಇದಕ್ಕೆ. ನೋಡು, ಮುಚ್ಚಳದ ಮೇಲೆ ಓಡಾಡ್ತಿವೆ. ಚರ್ಚಿಗೂ ಇಲ್ಲ, ನಮಗೂ ಇಲ್ಲ, ಹುಳಕ್ಕೆ ಕೊಡೋಕೆ ಇಟ್ಕೊಂಡಿದ್ದೀಯಾ?”

“ಹುಳ ಬಿತ್ತಾ?” ಎಂದಳು ಸುವಾರ್ತಮ್ಮ. ಆಮೇಲೆ ಆಕೆ ಉಪ್ಪಿಟ್ಟನ್ನೂ ಸರಿಯಾಗಿ ತಿನ್ನಲಿಲ್ಲ.

ಆ ವಾರದ ಆರಾಧನೆಯಲ್ಲಿ ಪಾಸ್ಟರ್ ಹೆಸರು ಹೇಳಿಕೊಳ್ಳಿ ಎಂದು ತಡೆದಾಗ, ಎಲ್ಲರ ಪಿಸುಮಾತಿನ ನಡುವೆ ಸುವಾರ್ತಮ್ಮ ಗಟ್ಟಿಯಾಗಿ “ಹುಲಿಯಪ್ಪ” ಎಂದಳು. ಕೆಲವರು ತಿರುಗಿ ನೋಡಿದರು. ಆರಾಧನೆ ಮುಗಿದ ಮೇಲೆ ವೀಣಾ ಬಳಿಗೆ ಬಂದಳು.

“ಯಾರಮ್ಮ ಹುಲಿಯಪ್ಪ?”

“ನಮ್ಮ ಬೀಗರು.”

“ನಿಮಗೂ ಅವರಿಗೂ ಆಗಲ್ಲ ಅಂತಿದ್ರಿ?”

“ಆಗಲ್ಲ. ಅದಕ್ಕೇ.”

ಬಾಗಿಲಲ್ಲಿ ಕೈ ಕುಲುಕುತ್ತಾ ನಿಂತಿದ್ದ ಪಾಸ್ಟರನ್ನು ಕವನ ಮೊದಲು ಹಿಡಿದಳು. ಸಂಡೇ ಸ್ಕೂಲಿನಲ್ಲಿ ಪಾಠ ಮುಗಿದ ಮೇಲೆ ಏನಾದರೂ ಕೇಳುವುದಿದೆಯಾ ಎನ್ನುತ್ತಾರೆ. ಆ ಅಭ್ಯಾಸದಿಂದ ಅವಳಿಗೆ ಎಲ್ಲಿ ನಿಂತರೂ ಪ್ರಶ್ನೆ ಇರುತ್ತಿತ್ತು.

“ಅಂಕಲ್, ಹೆಸರು ಹೇಳದೇ ಹಾಕಿದ ಅಕ್ಕಿ ದೇವರದಾ, ನಮ್ದಾ?”

“ಯಾವ ಅಕ್ಕಿ?”

ಸುವಾರ್ತಮ್ಮ ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ತಾನೇ ಹೇಳಿದಳು. ಮುಚ್ಚಿಡದೆ, ತಾನು ಸೊಸೆಗೆ ಅಂದ ಮಾತನ್ನೂ ಸೇರಿಸಿ ಹೇಳಿದಳು. ಕೊನೆಗೆ ಕೇಳಿದಳು, “ಅಯ್ಯಗಾರು, ಹೆಸರು ತಪ್ಪಿದ್ದಕ್ಕೆ ಬಿದ್ರಾ?”

ಪಾಸ್ಟರ್ ಆಕೆಯ ಮಗನಿಗಿಂತ ಚಿಕ್ಕವರು. “ಅಮ್ಮಾ, ಒಂದು ಕಂತು ತಪ್ಪಿದ ಕೂಡ್ಲೇ ಮನೆ ಬಾಗಿಲಿಗೆ ಬಂದು ನಿಲ್ಲೋಕೆ ದೇವರೇನು ಫೈನಾನ್ಸ್ ಕಂಪನಿಯೋನಾ?” ಎಂದರು. “ನೀವು ಕೊಟ್ಟಿದ್ದಕ್ಕೆ ಅವನು ನೋಡ್ಕೋತಾನೆ ಅಂತಿದ್ರೆ ನಾವೆಲ್ಲ ಯಾವತ್ತೋ ಬೀದಿಪಾಲು. ಅವನು ಮೊದ್ಲೇ ಕೊಟ್ಟಾಗಿದೆ. ನಾವು ಕೊಡೋದು, ಕೇಳ್ಕೊಳ್ಳೋದು, ಎಲ್ಲ ಅದಾದ ಮೇಲೆ.”

“ಹಾಗಾದ್ರೆ ಹೆಸರು ಹೇಳೋದು ಯಾಕೆ?”

“ನಿಮ್ಮ ಬೀಗರನ್ನ ನೀವು ಇಷ್ಟು ವರ್ಷ ಯಾಕೆ ಮರೀಲಿಲ್ಲ?”

ಸುವಾರ್ತಮ್ಮ ಕನ್ನಡಕ ಸರಿಮಾಡಿಕೊಂಡಳು. “ಅಕ್ಕಿ ಏನು ಮಾಡ್ಲಿ? ಹುಳ ಬೇರೆ ಬಿದ್ದಿದೆ.”

“ಬುಟ್ಟಿಗೆ ಬಿದ್ದ ಅಕ್ಕಿನ ನಾನು ಏನು ಮಾಡ್ತೀನಿ?”

“ಊಟ ಇಲ್ಲದೋರ ಮನೆಗೆ ಕಳಿಸ್ತೀರಿ.”

“ಊಟ ಇಲ್ಲದೋರು ಯಾರಾದ್ರೂ ಗೊತ್ತಾ ನಿಮಗೆ?” ಎಂದು ಕೇಳಿ ಪಾಸ್ಟರ್ ಹಿಂದೆ ನಿಂತವರ ಕಡೆ ಕೈ ಚಾಚಿದರು.

ಸೋಮವಾರ ಬೆಳಿಗ್ಗೆ ರಂಜಿನಿ ಎದ್ದು ಬರುವಷ್ಟರಲ್ಲಿ ಸುವಾರ್ತಮ್ಮ ಹಿತ್ತಲಲ್ಲಿ ಮೊರ ಹಿಡಿದು ಕೂತಿದ್ದಳು. ಡಬ್ಬದ ಅಕ್ಕಿಯನ್ನು ಬಿಸಿಲಿಗೆ ಹರಡಿ, ಕೇರಿ, ಮುಖದ ಹತ್ತಿರ ತಂದು ಹುಳ ಆರಿಸುತ್ತಿದ್ದಳು. ಕಾಣದ ಕಡೆ ಬೆರಳಾಡಿಸಿ ಹುಡುಕುತ್ತಿದ್ದಳು. ರಂಜಿನಿ ಎದುರಿಗೆ ಕೂತು ತಾನೂ ಆರಿಸತೊಡಗಿದಳು.

“ಗಂಜಿ ಮಾಡ್ತೀನಿ,” ಎಂದಳು ಸುವಾರ್ತಮ್ಮ. “ಇವತ್ತು ನಾನೂ ಬರ್ತೀನಿ ಆಸ್ಪತ್ರೆಗೆ.”

“ಅವರು ಮುಟ್ಟಲ್ಲ ಅತ್ತೆ. ನಿಮಗೂ ಏನಾದ್ರೂ ಅಂದುಬಿಡ್ತಾರೆ.”

“ಅನ್ಲಿ.”

ಉಳಿದ ಅಕ್ಕಿಯನ್ನು ಚೀಲಕ್ಕೆ ತುಂಬಿ ದ್ಯಾಮಮ್ಮನಿಗೆ ಕೊಡಲೆಂದು ಎತ್ತಿಟ್ಟಳು. ಬಸ್ಸಿನಲ್ಲಿ ಗಂಜಿಯ ಡಬ್ಬಿ ಸುವಾರ್ತಮ್ಮನ ತೊಡೆಯ ಮೇಲಿತ್ತು. ಭದ್ರಾವತಿ ದಾಟಿದ ಮೇಲೆ ಸುವಾರ್ತಮ್ಮ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಾ ಹೇಳಿದಳು.

“ನಾನು ಅವತ್ತು ಅಂದಿದ್ದು ತಪ್ಪು.”

ರಂಜಿನಿ ಕಿಟಕಿಯ ಕಡೆ ತಿರುಗಿದಳು.

“ನಿಮ್ಮಪ್ಪ ಬಿದ್ದಿದ್ದಕ್ಕೂ ನಿನಗೂ ಸಂಬಂಧ ಇಲ್ಲ. ನನಗೆ ಹೆದರಿಕೆ ಆಯ್ತು. ಹೆದರಿಕೇನ ನಿನ್ನ ತಲೆ ಮೇಲೆ ಹಾಕ್ದೆ.”

“ಹದಿನೈದು ದಿನ ಬೇಕಾಯ್ತಾ ಅತ್ತೆ ಇದನ್ನ ಹೇಳೋಕೆ?”

“ಬೇಕಾಯ್ತು.”

ರಂಜಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಸಿಟ್ಟು ಇಳಿಯಿತೆಂದು ಹೇಳಲಾಗದು. ಆದರೆ ಬಸ್ಸಿನಿಂದ ಇಳಿಯುವಾಗ ಅತ್ತೆಯ ಕೈ ಹಿಡಿದು ಇಳಿಸಿದಳು.

ವಾರ್ಡಿನಲ್ಲಿ ಹುಲಿಯಪ್ಪ ಬಾಗಿಲಲ್ಲಿ ಇಬ್ಬರನ್ನೂ ಕಂಡು ಎಂದಿನಂತೆ ಗೋಡೆಯ ಕಡೆ ಮುಖ ತಿರುಗಿಸಿದ. ಅಡಿಕೆ ಮೂಟೆ ಹೊತ್ತ ಹೆಗಲು ಈಗ ಮೂಳೆ ಮೂಳೆಯಾಗಿತ್ತು. ಸುವಾರ್ತಮ್ಮ ಸ್ಟೂಲು ಎಳೆದುಕೊಂಡು ಕೂತಳು. ರಂಜಿನಿ ಮಂಚದ ಕಾಲ ಬಳಿ ನಿಂತಳು.

“ಬೀಗರೇ, ನಾನು ಪ್ರಭುದಾಸನ ತಾಯಿ.”

“ಗೊತ್ತಾಯ್ತು. ಕಪ್ಪು ಕನ್ನಡಕ ಹಾಕ್ಕೊಂಡು ಜೋರಾಗೇ ಬಂದಿದ್ದೀರಿ.”

“ಕಣ್ಣಿನ ಆಪರೇಷನ್ ಆಗಿದೆ.”

“ಓ,” ಎಂದ ಹುಲಿಯಪ್ಪ.

“ಗಂಜಿ ತಂದಿದ್ದೀನಿ.”

“ನಿಮ್ಮ ಮನೆ ಅನ್ನ ಬೇಡ ಅಂತ ಅವತ್ತೇ ಹೇಳಿದ್ದೀನಿ.”

“ಹೇಳಿದ್ದೀರಿ. ಇದು ನಮ್ಮ ಮನೇದಲ್ಲ. ನಿಮ್ಮ ಮಗಳು ದೇವರಿಗೆ ಅಂತ ಎತ್ತಿಟ್ಟ ಅಕ್ಕಿ. ಸರಿಯಾಗಿ ಎತ್ತಿಡ್ಲಿಲ್ಲ ಅಂತ ನಾನು ಚರ್ಚಿಗೆ ಒಯ್ಯಲಿಲ್ಲ. ಮನೇಲೂ ಬೇಯಿಸೋಕೆ ಬಿಡ್ಲಿಲ್ಲ. ಕೊನೆಗೆ ಹುಳ ಬಿತ್ತು. ಕೊಟ್ಟಿದ್ದನ್ನ ಬೇಡ ಅಂದಿದ್ದು ನನ್ನ ತಪ್ಪು. ನೀವೂ ಅದನ್ನೇ ಮಾಡ್ತೀರಾದ್ರೆ ಮಾಡಿ.”

ಹುಲಿಯಪ್ಪ ಈ ಕಡೆ ತಿರುಗಿದ. “ಹುಳ ಬಿದ್ದ ಅಕ್ಕಿ ತಂದಿದ್ದೀರಾ ನನಗೆ?”

“ಆರಿಸಿದ್ದೀನಿ. ಇರೋ ಕಣ್ಣಲ್ಲಿ.”

ದ್ಯಾಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಪರಮೇಶ್ ಕೆಮ್ಮಿದ.

“ಯಾವ ದೇವ್ರಿಗೆ ಎತ್ತಿಟ್ಟಿದ್ದು?” ಎಂದ ಹುಲಿಯಪ್ಪ.

“ನಾವು ಕೈ ಮುಗಿಯೋ ದೇವರಿಗೆ. ನಾನು ಬೆಳಿಗ್ಗೆ ಬೆಳಿಗ್ಗೆ ಎತ್ತಿಡೋವಾಗ ಹೇಳ್ತಿದ್ದಿದ್ದು ನಿಮ್ಮ ಹೆಸರು.”

“ನನ್ನ ಹೆಸ್ರಾ? ಯಾಕೆ?”

“ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ. ಆಗದೇ ಇರೋರಿಗೆ ಒಳ್ಳೇದು ಕೇಳ್ಕೊಂಡೇ ದಿನ ಶುರು ಮಾಡ್ಬೇಕು ಅಂತ ನಮ್ಮಮ್ಮ ಹೇಳಿದ್ರು.”

“ಯಾವತ್ತಿಂದ?”

“ನೀವು ನೀರು ಬೇಡ ಅಂದು ಹೋದ ಮಾರನೇ ದಿನದಿಂದ.”

ಹುಲಿಯಪ್ಪ ಚಾವಣಿಯ ಫ್ಯಾನು ನೋಡುತ್ತಾ ಮಲಗಿದ. ಪಕ್ಕದ ಮಂಚದವನು ಕಿವಿಗೊಟ್ಟು ಕೇಳುತ್ತಿದ್ದ. ತಾನು ಆಡಿದ ಮಾತನ್ನು ಹುಲಿಯಪ್ಪನೂ ಮರೆತಿರಲಿಲ್ಲ. ಅದನ್ನು ನೆನೆಯದೆ ಮಲಗಿದ ದಿನವಿರಲಿಲ್ಲ, ಹೇಗೆ ಹಿಂತೆಗೆದುಕೊಳ್ಳುವುದು ಎಂದು ಮಾತ್ರ ತಿಳಿದಿರಲಿಲ್ಲ. ಕೊನೆಗೆ ಹೆಂಡತಿಗೆ ಹೇಳಿದ, “ದೇವ್ರಿಗೆ ಅಂತ ಎತ್ತಿಟ್ಟಿದ್ದನ್ನ ಬೇಡ ಅನ್ನೋಕೆ ನಾನ್ಯಾರು. ಕೊಡು ಇತ್ಲಾಗೆ.”

ದ್ಯಾಮಮ್ಮ ತಲೆ ಎತ್ತಿ ಹಿಡಿದು ಒಂದು ಚಮಚ ಕುಡಿಸಿದಳು. ಅವನು ಬಾಯಾಡಿಸಿ, ಮುಖ ಹಿಂಡಿ, ಮಂಚದ ಕಾಲ ಬಳಿ ನಿಂತಿದ್ದವಳನ್ನು ನೋಡಿದ.

“ಉಪ್ಪು ಹಾಕಿಲ್ವೇನೇ?”

ಎಂಟು ವರ್ಷಗಳ ನಂತರ ಅಪ್ಪ ಅವಳ ಜೊತೆ ಆಡಿದ ಮೊದಲ ಮಾತು ಅದು. ರಂಜಿನಿ ಉಪ್ಪು ತರುತ್ತೇನೆ ಎಂದು ಕೈಸನ್ನೆ ಮಾಡಿ ಕ್ಯಾಂಟೀನಿನ ಕಡೆ ಹೋದಳು, ದಾರಿಯುದ್ದಕ್ಕೂ ಅಳುತ್ತಾ ಹೋದಳು. ವಾಪಸ್ ಬರುವಷ್ಟರಲ್ಲಿ ಉಪ್ಪಿಲ್ಲದ ಗಂಜಿ ಅರ್ಧ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ರಂಜಿನಿ ಗಂಜಿಗೆ ಅಕ್ಕಿ ಅಳೆದಳು. ಕಾಣಿಕೆ ಡಬ್ಬ ತೊಳೆದು ಒಣಗಿ ಖಾಲಿಯಾಗಿ ಕೂತಿತ್ತು. ಅಳೆದ ಅಕ್ಕಿಯಿಂದ ಒಂದು ಹಿಡಿ ಎತ್ತಿಕೊಂಡು ಅವಳು ನಿಂತಳು. ಸುವಾರ್ತಮ್ಮ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು.

“ಅತ್ತೆ, ಏನು ಹೇಳ್ಬೇಕು?”

“ಹೆಸರು ಹೇಳಿ, ಒಳ್ಳೇದು ಮಾಡಪ್ಪ ಅನ್ನು. ಉದ್ದ ಬೇಡ.”

“ನಾನು ಹೇಳಿದ್ರೆ ನಡೆಯುತ್ತಾ?”

“ಕೇಳಿಸ್ಕೊಳ್ಳೋನು ಕೇಳಿಸ್ಕೋತಾನೆ. ನೀನು ಹೇಳು.”

“ಅಪ್ಪಂದು ಹೇಳ್ಲಾ?”

“ನಿಮ್ಮಪ್ಪ ನನ್ನ ಪಾಲು, ಬಿಟ್ಟುಕೊಡಲ್ಲ. ಬೆಳಗಿನ ಹಿಡಿ ಸಿಟ್ಟಿರೋರ ಹೆಸರಿಗೆ. ನಿನಗೆ ಯಾರ ಮೇಲಿದೆ ನೋಡ್ಕೋ.”

ರಂಜಿನಿ ಬಹಳ ಹೊತ್ತು ಹುಡುಕಬೇಕಾಗಲಿಲ್ಲ. ಹಿಡಿಯನ್ನು ಡಬ್ಬದ ಬಾಯಿಗೆ ತಂದು, “ನಮ್ಮತ್ತೆ,” ಎಂದಳು.

ಹುರುಳಿಕಾಯಿ ಮುರಿಯುತ್ತಿದ್ದ ಕೈ ನಿಂತಿತು.

“ಹೆಸರು ಹೇಳು ಅಂದಿದ್ದು. ಭದ್ರಾವತಿ ತುಂಬ ಅತ್ತೇರಿದ್ದಾರೆ.”

ಮದುವೆಯಾಗಿ ಬಂದಾಗಿನಿಂದ ರಂಜಿನಿ ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ತೋರಿಸಿ ಬಿಡುತ್ತಿದ್ದಳು.

“ಸುವಾರ್ತಮ್ಮ,” ಎಂದಳು. “ಒಳ್ಳೇದು ಮಾಡಪ್ಪ.”

ಖಾಲಿ ಡಬ್ಬದೊಳಗೆ ಅಕ್ಕಿ ಚಿಟಪಟ ಎಂದು ಬಿತ್ತು.

“ಆಮೆನ್,” ಎಂದಳು ಸುವಾರ್ತಮ್ಮ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. “ಗಂಜಿಗೆ ಉಪ್ಪು ಸ್ವಲ್ಪ ಕಮ್ಮಿನೇ ಹಾಕು. ನಿಮ್ಮಪ್ಪ ಇನ್ನೊಂದು ಮಾತಾಡ್ಲಿ.”